ಲೆಕ್ಕಪರಿಶೋಧಕರ ಭೇಟಿಗೆ ಪೂರ್ವಸಿದ್ಧತೆ: ಬದಲಾದ ತೆರಿಗೆ ಕಾನೂನುಗಳ ಹಿನ್ನೆಲೆಯಲ್ಲಿ

1962ರ ಏಪ್ರಿಲ್ 1ರಿಂದ 64 ವರ್ಷಗಳ ಕಾಲ ಜಾರಿಯಲ್ಲಿದ್ದ ಆದಾಯ ತೆರಿಗೆ ಅಧಿನಿಯಮ, 1961ರ ಸ್ಥಾನದಲ್ಲಿ ಆದಾಯ ತೆರಿಗೆ ಅಧಿನಿಯಮ, 2025 ದಿನಾಂಕ 1-4-2026ರಿಂದ ಜಾರಿಗೆ ಬಂದಿದೆ. ಇದಕ್ಕೂ ಮೊದಲೇ, 2024ರ ಹಣಕಾಸು ಕಾಯಿದೆಯು ಪಾಲುದಾರಿಕೆ ಸಂಸ್ಥೆಗಳಿಗೆ ಸಂಬಂಧಿಸಿದ ನಿಯಮಗಳಲ್ಲಿ ಮುಖ್ಯವಾದ ಮಾರ್ಪಾಡುಗಳನ್ನು ಮಾಡಿತ್ತು. ದಿನಾಂಕ 22-9-2025ರಿಂದ ಜಿ.ಎಸ್.ಟಿ. ದರಗಳು ಬದಲಾದವು. ಹೀಗೆ 2025-26ರ ಹಣಕಾಸು ವರ್ಷದ ಲೆಕ್ಕಪತ್ರಗಳು ಹಲವು ಬದಲಾವಣೆಗಳ ಸಂಧಿಕಾಲದಲ್ಲಿ ಸಿದ್ಧವಾಗುವ ಲೆಕ್ಕಪತ್ರಗಳಾಗಿವೆ. ಸದಸ್ಯ ಬಾಂಧವರು ತಮ್ಮ ಲೆಕ್ಕಪರಿಶೋಧಕರನ್ನು ಕಾಣಲು ಹೋಗುವ ಮುನ್ನ ಯಾವ ವಿಷಯಗಳನ್ನು ತಾವೇ ಪರಿಶೀಲಿಸಿಕೊಂಡಿರಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ವರ್ತಕರಲ್ಲಿ ಬಹುಮಂದಿ ಈ ಭೇಟಿಯನ್ನು ಕಾಗದಪತ್ರಗಳ ಚೀಲವನ್ನು ಒಪ್ಪಿಸಿ ಬರುವ ಕಾರ್ಯವೆಂದು ಭಾವಿಸಿದ್ದಾರೆ. ಬಿಲ್ಲುಗಳೂ ಬ್ಯಾಂಕ್ ಪಾಸ್ ಪುಸ್ತಕವೂ ಆ ಚೀಲದಲ್ಲಿರುತ್ತವೆ ನಿಜ. ಆದರೆ ಇಂದಿನ ಕಾನೂನು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲಿ ಇರುವುದಿಲ್ಲ. ಸರಕು ಯಾವ ದಿನ ಕೈಸೇರಿತು, ಸರಬರಾಜುದಾರರು ಸೂಕ್ಷ್ಮ ಉದ್ದಿಮೆಯೋ ಸಣ್ಣ ಉದ್ದಿಮೆಯೋ, ಗೋದಾಮಿನ ಮಾಲೀಕರಿಗೆ ಜಿ.ಎಸ್.ಟಿ. ನೋಂದಣಿ ಇದೆಯೋ ಇಲ್ಲವೋ ಎಂಬುದೆಲ್ಲ ವ್ಯಾಪಾರ ನಡೆಸುವವರಿಗೆ ಮಾತ್ರ ಗೊತ್ತಿರುವ ಸಂಗತಿಗಳು.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ದಿನಾಂಕ 31-3-2026ಕ್ಕೆ ಮುಗಿದ ವರ್ಷದ ಆದಾಯಕ್ಕೆ 1961ರ ಹಳೆಯ ಅಧಿನಿಯಮವೇ ಅನ್ವಯಿಸುತ್ತದೆ. ಅದರ ಕರ ನಿರ್ಧಾರಣಾ ವರ್ಷ 2026-27. ಹೊಸ ಅಧಿನಿಯಮವು 'ಹಿಂದಿನ ವರ್ಷ', 'ಕರ ನಿರ್ಧಾರಣಾ ವರ್ಷ' ಎಂಬ ಎರಡು ಹೆಸರುಗಳನ್ನು ಕೈಬಿಟ್ಟು 'ತೆರಿಗೆ ವರ್ಷ' ಎಂಬ ಒಂದೇ ಹೆಸರನ್ನು ತಂದಿದೆ. 1-4-2026ರಿಂದ ಆರಂಭವಾದ ವರ್ಷದ ಹೆಸರು ತೆರಿಗೆ ವರ್ಷ 2026-27. ಅಂದರೆ ಒಂದೇ ಅಂಕಿಯು ಎರಡು ಬೇರೆ ಬೇರೆ ವರ್ಷಗಳ ಆದಾಯವನ್ನು ಸೂಚಿಸುತ್ತದೆ. ಕಳೆದ ವರ್ಷದ ಬಾಕಿ ತೆರಿಗೆಯನ್ನು ಕಟ್ಟುವವರು ಹಳೆಯ ಅಧಿನಿಯಮದ ಕರ ನಿರ್ಧಾರಣಾ ವರ್ಷವನ್ನೂ, ಪ್ರಸಕ್ತ ವರ್ಷದ ಮುಂಗಡ ತೆರಿಗೆಯನ್ನು ಕಟ್ಟುವವರು ಹೊಸ ಅಧಿನಿಯಮದ ತೆರಿಗೆ ವರ್ಷವನ್ನೂ ಆರಿಸಿಕೊಳ್ಳಬೇಕು. ಅಂಗಡಿಯ ಗುಮಾಸ್ತರಿಂದ ಚಲನ್ ತುಂಬಿಸುವ ರೂಢಿ ಇರುವ ಕಡೆ ಈ ವ್ಯತ್ಯಾಸವನ್ನು ಅವರಿಗೆ ಬರೆದುಕೊಡುವುದು ಲೇಸು. ತಪ್ಪು ವರ್ಷಕ್ಕೆ ಜಮೆಯಾದ ಹಣವನ್ನು ಸರಿಪಡಿಸಿಕೊಳ್ಳುವ ತನಕ ಇಲಾಖೆಯ ದಾಖಲೆಯಲ್ಲಿ ತಾವು ಬಾಕಿದಾರರೇ ಆಗಿರುತ್ತೀರಿ.

ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿ

ಈ ಸಲದ ಭೇಟಿಯಲ್ಲಿ ಹೆಚ್ಚು ಸಮಯ ಬೇಡುವ ವಿಷಯ ಕಲಂ 43ಬಿ(ಎಚ್). 2023ರ ಹಣಕಾಸು ಕಾಯಿದೆಯಿಂದ ಸೇರ್ಪಡೆಯಾದ ಈ ಉಪಕಲಂ ಕರ ನಿರ್ಧಾರಣಾ ವರ್ಷ 2024-25ರಿಂದ ಜಾರಿಯಲ್ಲಿದೆ. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮ, 2006ರ ಕಲಂ 15ರಲ್ಲಿ ಹೇಳಿದ ಅವಧಿಯೊಳಗೆ ಕೊಡದಿದ್ದರೆ, ಆ ಖರ್ಚನ್ನು ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಲು ಅವಕಾಶ. ಲಿಖಿತ ಕರಾರು ಇಲ್ಲದಿದ್ದರೆ ಅವಧಿ 15 ದಿನ. ಕರಾರು ಇದ್ದರೆ ಅದರಲ್ಲಿ ಹೇಳಿದಷ್ಟು ದಿನ, ಆದರೆ 45 ದಿನಗಳಿಗೆ ಮೀರುವಂತಿಲ್ಲ. 60 ಅಥವಾ 90 ದಿನಗಳ ಉದ್ದರಿ ಎಂದು ಉಭಯತರು ಒಪ್ಪಿ ಬರೆದುಕೊಂಡಿದ್ದರೂ ಕಾನೂನಿನ ಎಣಿಕೆ 45ಕ್ಕೆ ನಿಲ್ಲುತ್ತದೆ.

ಈ ದಿನಗಳನ್ನು ಬಿಲ್ಲಿನ ತಾರೀಖಿನಿಂದ ಎಣಿಸುವುದಲ್ಲ, ಸರಕು ಅಥವಾ ಸೇವೆಯನ್ನು ಸ್ವೀಕರಿಸಿದ ದಿನದಿಂದ ಎಣಿಸಬೇಕು. ಸರಕಿನಲ್ಲಿ ದೋಷವಿದೆಯೆಂದು 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಿದ್ದರೆ, ಆ ಆಕ್ಷೇಪ ನಿವಾರಣೆಯಾದ ದಿನವೇ ಸ್ವೀಕಾರದ ದಿನ. ದೂರವಾಣಿಯಲ್ಲಿ ಹೇಳಿದ ಆಕ್ಷೇಪಕ್ಕೆ ಇಲ್ಲಿ ಬೆಲೆಯಿಲ್ಲ. ಆದುದರಿಂದ ಮಾರ್ಚ್ ತಿಂಗಳ ಖರೀದಿಗಳ ಮಟ್ಟಿಗಾದರೂ ಲಾರಿ ರಸೀತಿ ಅಥವಾ ಸರಕು ಒಳಬಂದ ರಿಜಿಸ್ಟರನ್ನು ಬಿಲ್ಲಿನೊಂದಿಗೆ ಜೋಡಿಸಿ ಇಡಬೇಕು.

ಉದಾಹರಣೆಯ ಮೂಲಕ ನೋಡೋಣ. ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಂಸ್ಥೆಯು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಿಂದ ಎರಕದ ಮಾಲನ್ನು ತರಿಸುತ್ತದೆ, ಲಿಖಿತ ಕರಾರು ಇಲ್ಲ ಎಂದು ಇಟ್ಟುಕೊಳ್ಳಿ. 20-2-2026ರಂದು ಬಂದ ಮಾಲಿಗೆ 7-3-2026ರೊಳಗೆ ಹಣ ಕೊಡಬೇಕಾಗಿತ್ತು. 25-3-2026ರಂದು ಕೊಟ್ಟರೆ ತಡವಾದುದು ನಿಜವಾದರೂ ಅದೇ ವರ್ಷದಲ್ಲಿ ಪಾವತಿಯಾದುದರಿಂದ ಖರ್ಚು 2025-26ರಲ್ಲೇ ಸಲ್ಲುತ್ತದೆ. 6-4-2026ರಂದು ಕೊಟ್ಟರೆ ಖರ್ಚು ಮುಂದಿನ ವರ್ಷಕ್ಕೆ ಹೋಗುತ್ತದೆ. ಇನ್ನು 25-3-2026ರಂದು ಬಂದ ಮಾಲಿನ ಗಡುವು 9-4-2026. 8ರಂದು ಕೊಟ್ಟವರಿಗೆ 2025-26ರಲ್ಲೇ ಖರ್ಚು ಸಿಗುತ್ತದೆ, 12ರಂದು ಕೊಟ್ಟವರಿಗೆ ಸಿಗುವುದಿಲ್ಲ. ಜಿ.ಎಸ್.ಟಿ., ಬೋನಸ್ ಮೊದಲಾದ ಬಾಬುಗಳನ್ನು ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕಟ್ಟಿದರೆ ಸಾಕು ಎಂಬ ರಿಯಾಯಿತಿ ಈ ಬಾಬಿಗೆ ಇಲ್ಲ. ಇದನ್ನು ತಿಳಿಯದೆ ಸೆಪ್ಟೆಂಬರಿನಲ್ಲಿ ಹಣ ಸಂದಾಯ ಮಾಡಿ ನಿಶ್ಚಿಂತರಾಗಿ ಬರುವವರು ಇಂದಿಗೂ ಕಡಿಮೆಯಿಲ್ಲ.

ಇದರ ಪರಿಣಾಮ ಎಷ್ಟೆಂಬುದನ್ನು ಅಂಕಿಗಳಲ್ಲಿ ಕಾಣಬಹುದು. ಪಾಲುದಾರಿಕೆ ಸಂಸ್ಥೆಯೊಂದರ ಪುಸ್ತಕಗಳಲ್ಲಿ ಇಂತಹ ಗಡುವು ಮೀರಿದ ಬಾಕಿ ರೂ. 9,40,000 ಇದ್ದರೆ, ಆ ಮೊತ್ತ ಆದಾಯಕ್ಕೆ ಸೇರಿ, ಶೇ. 30ರ ತೆರಿಗೆ ಮತ್ತು ಅದರ ಮೇಲೆ ಶೇ. 4ರ ಸೆಸ್ ಸೇರಿ ರೂ. 2,93,280 ಹೆಚ್ಚುವರಿಯಾಗಿ ಕಟ್ಟಬೇಕಾಗುತ್ತದೆ. ಬಾಕಿ ತೀರಿಸಿದ ವರ್ಷದಲ್ಲಿ ಈ ಖರ್ಚು ಸಿಗುತ್ತದೆಯಾದ್ದರಿಂದ ಇದು ಶಾಶ್ವತ ನಷ್ಟವಲ್ಲ. ಆದರೆ ಸಾಲ ತೀರಿಸಲು ರೊಕ್ಕವಿಲ್ಲದ ಕಾರಣಕ್ಕೇ ಬಾಕಿ ಉಳಿಸಿಕೊಂಡ ವ್ಯಾಪಾರಿಗೆ ತೆರಿಗೆ ಕಟ್ಟಲು ರೊಕ್ಕ ಎಲ್ಲಿಂದ ಬರಬೇಕು? ಇದಲ್ಲದೆ, ತಡವಾದ ಅವಧಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ತಿಂಗಳ ಚಕ್ರಬಡ್ಡಿಯನ್ನು ಸರಬರಾಜುದಾರರಿಗೆ ಕೊಡಬೇಕೆಂದು 2006ರ ಅಧಿನಿಯಮ ಹೇಳುತ್ತದೆ, ಮತ್ತು ಆ ಬಡ್ಡಿ ಆದಾಯ ತೆರಿಗೆಯಲ್ಲಿ ಖರ್ಚಾಗಿ ಸಲ್ಲುವುದಿಲ್ಲ.

ಯಾರಿಗೆ ಇದು ಅನ್ವಯಿಸದು ಎಂಬುದೂ ಅಷ್ಟೇ ಮುಖ್ಯ. ಮಧ್ಯಮ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿ ಇದರ ವ್ಯಾಪ್ತಿಯಲ್ಲಿಲ್ಲ. ಸಗಟು ಹಾಗೂ ಚಿಲ್ಲರೆ ವರ್ತಕರಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿಯ ಅವಕಾಶ ದೊರೆತದ್ದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕಾಗಿ ಮಾತ್ರ. ಆದಕಾರಣ ಕೇವಲ ಮಾರಾಟಗಾರರಾದ ವರ್ತಕರಿಂದ ಕೊಂಡ ಸರಕಿನ ಬಾಕಿಗೆ ಈ ಉಪಕಲಂ ತಗುಲದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಆದರೆ ಕೊಳ್ಳುವವರು ವರ್ತಕರಾಗಿದ್ದು, ಮಾರಿದವರು ತಯಾರಕರಾಗಿದ್ದರೆ ಅನ್ವಯಿಸುತ್ತದೆ. ಕಲಂ 44ಎಡಿಯ ಅಡಿ ಅಂದಾಜು ಆದಾಯ ತೋರಿಸುವವರಿಗೆ ಇದರ ತೊಂದರೆಯಿಲ್ಲ.

ಇಲ್ಲಿ ಹೊಸದೊಂದು ಬದಲಾವಣೆಯನ್ನು ಗಮನಿಸಬೇಕು. ದಿನಾಂಕ 1-4-2025ರಿಂದ ಉದ್ದಿಮೆಗಳ ವರ್ಗೀಕರಣದ ಮಿತಿ ಏರಿದೆ. ಯಂತ್ರೋಪಕರಣಗಳ ಹೂಡಿಕೆ ರೂ. 2.5 ಕೋಟಿ ಮತ್ತು ವಹಿವಾಟು ರೂ. 10 ಕೋಟಿಯವರೆಗೆ ಸೂಕ್ಷ್ಮ, ಹೂಡಿಕೆ ರೂ. 25 ಕೋಟಿ ಮತ್ತು ವಹಿವಾಟು ರೂ. 100 ಕೋಟಿಯವರೆಗೆ ಸಣ್ಣ. ಮೊದಲು ವಹಿವಾಟಿನ ಮಿತಿ ಕ್ರಮವಾಗಿ ರೂ. 5 ಕೋಟಿ ಮತ್ತು ರೂ. 50 ಕೋಟಿ ಇತ್ತು. ಅಂದರೆ 2024-25ರಲ್ಲಿ 'ಮಧ್ಯಮ' ಎಂದು ಬದಿಗಿಟ್ಟಿದ್ದ ಸರಬರಾಜುದಾರರು 2025-26ರಲ್ಲಿ 'ಸಣ್ಣ' ಆಗಿರುವ ಸಾಧ್ಯತೆಯುಂಟು. ಕಳೆದ ವರ್ಷ ತಯಾರಿಸಿದ ಪಟ್ಟಿಯನ್ನೇ ಈ ವರ್ಷವೂ ಕೊಡುವುದು ಸರಿಯಲ್ಲ. ಎಲ್ಲ ಸರಬರಾಜುದಾರರಿಂದ ಉದ್ಯಮ್ ಪ್ರಮಾಣಪತ್ರದ ಪ್ರತಿಯನ್ನು ಪತ್ರ ಬರೆದು ತರಿಸಿಕೊಂಡು, ಹೆಸರು, ವರ್ಗ, ತಯಾರಕರೋ ವರ್ತಕರೋ, ಸರಕು ಬಂದ ದಿನ, ಪಾವತಿಯ ದಿನ, ಮೊತ್ತ ಎಂಬ ಅಂಕಣಗಳುಳ್ಳ ಪಟ್ಟಿಯನ್ನು ಸಿದ್ಧಪಡಿಸಿ ಒಯ್ಯಬೇಕು. ತೆರಿಗೆ ಲೆಕ್ಕಪರಿಶೋಧನಾ ವರದಿಯ ಫಾರಂ 3ಸಿಡಿಯ 22ನೇ ಬಾಬಿನಲ್ಲಿ ಈ ವಿವರವನ್ನು ಲೆಕ್ಕಪರಿಶೋಧಕರು ಕಡ್ಡಾಯವಾಗಿ ನಮೂದಿಸಬೇಕಾಗಿರುವುದರಿಂದ, ತಾವು ಕೊಡದಿದ್ದರೂ ಅವರು ಕೇಳಿಯೇ ಕೇಳುತ್ತಾರೆ. ಬಾಕಿಯಲ್ಲಿ ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆದ ಜಿ.ಎಸ್.ಟಿ. ಸೇರಿದ್ದರೆ ಅದನ್ನು ಪ್ರತ್ಯೇಕಿಸಿ ತೋರಿಸಿರಿ. ಖರ್ಚಾಗಿ ಬರೆಯದ ಮೊತ್ತವನ್ನು ಆದಾಯಕ್ಕೆ ಮರಳಿ ಸೇರಿಸುವ ಪ್ರಶ್ನೆಯೇ ಇಲ್ಲ.

ಈ ನಿಯಮವು ಸಣ್ಣ ತಯಾರಕರ ಹಿತಕ್ಕಾಗಿ ಬಂದದ್ದು. ಆದರೂ, ಉದ್ಯಮ್ ನೋಂದಣಿಯುಳ್ಳವರಿಂದ ಖರೀದಿಯೇ ಬೇಡವೆಂದು ದೂರ ಸರಿಯುವ ಖರೀದಿದಾರರೂ ಇದ್ದಾರೆ. ನೋಂದಣಿಯನ್ನು ರದ್ದುಪಡಿಸಿಕೊಳ್ಳಿರೆಂದು ಸಣ್ಣವರ ಮೇಲೆ ಒತ್ತಡ ತರುವುದು ವ್ಯಾಪಾರ ಧರ್ಮಕ್ಕೆ ಒಪ್ಪುವಂಥದಲ್ಲವೆಂದೇ ನನ್ನ ಅಭಿಪ್ರಾಯ. ನಮ್ಮ ಸದಸ್ಯರಲ್ಲಿ ಹಲವರು ಒಂದು ಕಡೆ ಖರೀದಿದಾರರಾದರೆ ಇನ್ನೊಂದು ಕಡೆ ತಾವೇ ಸಣ್ಣ ಸರಬರಾಜುದಾರರು. ಅಂಥವರು ತಮ್ಮ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ ವರ್ಗವನ್ನೂ ಮುದ್ರಿಸುವುದರಿಂದ ಹಣ ಬೇಗ ಬರುವ ಸಂಭವ ಹೆಚ್ಚು.

ಪಾಲುದಾರಿಕೆ ಸಂಸ್ಥೆಗಳು

ಪಾಲುದಾರರಿಗೆ ಕೊಡುವ ಸಂಬಳ, ಸಂಭಾವನೆ, ಕಮಿಷನ್, ಬೋನಸ್ ಮತ್ತು ಬಂಡವಾಳದ ಮೇಲಿನ ಬಡ್ಡಿಯಲ್ಲಿ ಶೇ. 10ರಂತೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೆಂಬ ಕಲಂ 194ಟಿ ದಿನಾಂಕ 1-4-2025ರಿಂದ ಜಾರಿಗೆ ಬಂದಿದೆ. ಒಬ್ಬ ಪಾಲುದಾರರಿಗೆ ವರ್ಷದಲ್ಲಿ ಇವೆಲ್ಲ ಸೇರಿ ರೂ. 20,000 ಮೀರಿದರೆ ಕಡಿತ ಅನಿವಾರ್ಯ. ಸಂಸ್ಥೆಯ ವಹಿವಾಟು ಎಷ್ಟೇ ಚಿಕ್ಕದಾಗಿರಲಿ, ಲೆಕ್ಕಪರಿಶೋಧನೆ ಇರಲಿ ಬಿಡಲಿ, ವಿನಾಯಿತಿಯಿಲ್ಲ. ಹೀಗಾಗಿ ಇದುವರೆಗೆ ಟ್ಯಾನ್ ಸಂಖ್ಯೆಯನ್ನೇ ಪಡೆಯದಿದ್ದ ಸಂಸ್ಥೆಗಳೂ ಅದನ್ನು ಪಡೆಯಬೇಕಾಯಿತು. ಲಾಭದ ಪಾಲು ಮತ್ತು ಬಂಡವಾಳದ ವಾಪಸಾತಿಗೆ ಈ ಕಲಂ ಸಂಬಂಧಿಸಿಲ್ಲ.

ತೊಡಕು ಇರುವುದು ನಮ್ಮ ರೂಢಿಯಲ್ಲಿ. ಪಾಲುದಾರರು ವರ್ಷವಿಡೀ ಮನೆಖರ್ಚಿಗೆ ಹಣ ತೆಗೆಯುತ್ತಾರೆ. ಲೆಕ್ಕಪರಿಶೋಧಕರು ಆಗಸ್ಟಿನಲ್ಲೋ ಸೆಪ್ಟೆಂಬರಿನಲ್ಲೋ ನಿವ್ವಳ ಲಾಭವನ್ನು ಕಂಡುಕೊಂಡ ಮೇಲೆ ಸಂಭಾವನೆಯನ್ನೂ ಬಡ್ಡಿಯನ್ನೂ ಲೆಕ್ಕ ಹಾಕಿ, ಮಾರ್ಚ್ 31ರ ತಾರೀಖಿನಲ್ಲಿ ಬಂಡವಾಳ ಖಾತೆಗೆ ಜಮೆ ಬರೆಯುತ್ತಾರೆ. ಕಾನೂನಿನಂತೆ ಜಮೆ ಅಥವಾ ಪಾವತಿ, ಯಾವುದು ಮೊದಲೋ ಆಗ ತೆರಿಗೆ ಕಡಿತವಾಗಬೇಕು. ಬಂಡವಾಳ ಖಾತೆಗೆ ಜಮೆ ಮಾಡುವುದೂ ಜಮೆಯೇ ಎಂದು ಕಲಂ ಸ್ಪಷ್ಟವಾಗಿ ಹೇಳಿದೆ. 31-3-2026ರ ಜಮೆಗೆ ಕಡಿತ ಮಾಡಿದ ತೆರಿಗೆಯನ್ನು 30-4-2026ರೊಳಗೆ ಸರ್ಕಾರಕ್ಕೆ ಕಟ್ಟಿ, 31-5-2026ರೊಳಗೆ ಫಾರಂ 26ಕ್ಯೂ ಸಲ್ಲಿಸಬೇಕಾಗಿತ್ತು. ಲಾಭವೇ ತಿಳಿಯದೆ ಸಂಭಾವನೆ ತಿಳಿಯುವುದು ಹೇಗೆ ಎಂದು ಕೇಳಬಹುದು. ಆ ಪ್ರಶ್ನೆಗೆ ಕಲಂ ಉತ್ತರ ಕೊಡುವುದಿಲ್ಲ, ಬಡ್ಡಿಯನ್ನು ಮಾತ್ರ ಹೇಳುತ್ತದೆ. ಕಡಿತ ಮಾಡದ ಅವಧಿಗೆ ತಿಂಗಳಿಗೆ ಶೇ. 1, ಕಡಿತ ಮಾಡಿ ಕಟ್ಟದ ಅವಧಿಗೆ ತಿಂಗಳಿಗೆ ಶೇ. 1.5. ಒಬ್ಬ ಪಾಲುದಾರರಿಗೆ ಸಂಭಾವನೆ ಮತ್ತು ಬಡ್ಡಿ ಸೇರಿ ರೂ. 7,50,000 ಜಮೆಯಾಗಿದ್ದರೆ ಕಡಿತವಾಗಬೇಕಾದುದು ರೂ. 75,000. ಅದಕ್ಕೆ ತಿಂಗಳೊಂದಕ್ಕೆ ರೂ. 750ರಂತೆ ಬಡ್ಡಿ. ತಡವಾದ ವಿವರಣಾ ಪತ್ರಕ್ಕೆ ದಿನಕ್ಕೆ ರೂ. 200ರ ಶುಲ್ಕ ಪ್ರತ್ಯೇಕ.

ಆದುದರಿಂದ 2025-26ಕ್ಕೆ ಸಂಬಂಧಿಸಿದಂತೆ ಪಾಲುದಾರರ ಖಾತೆಗಳ ಉತಾರ, ಕಟ್ಟಿದ ಚಲನ್‌ಗಳು, ಸಲ್ಲಿಸಿದ 26ಕ್ಯೂ ಪ್ರತಿಗಳನ್ನು ಭೇಟಿಗೆ ಒಯ್ಯಬೇಕು. ಕಟ್ಟದೆ ಉಳಿದಿದ್ದರೆ ಮುಚ್ಚಿಡದೆ ಮೊದಲ ಮಾತಿನಲ್ಲೇ ಹೇಳಿರಿ. ಪ್ರಸಕ್ತ ವರ್ಷಕ್ಕಾದರೆ ಸಂಭಾವನೆಯ ಒಂದು ಅಂದಾಜನ್ನು ನಿಗದಿಪಡಿಸಿಕೊಂಡು ತಿಂಗಳು ತಿಂಗಳು ಜಮೆ ಬರೆದು ತೆರಿಗೆ ಕಟ್ಟುತ್ತ ಹೋಗುವುದೇ ಸುಲಭದ ದಾರಿ. ಹೊಸ ಅಧಿನಿಯಮದಲ್ಲಿ ಸಂಬಳದ ಹೊರತಾದ ಮೂಲ ತೆರಿಗೆ ಕಡಿತಗಳೆಲ್ಲವನ್ನೂ ಕಲಂ 393ರಲ್ಲಿ ಕೋಷ್ಟಕ ರೂಪದಲ್ಲಿ ಒಟ್ಟುಗೂಡಿಸಲಾಗಿದೆ. 1-4-2026ರ ನಂತರದ ಕಡಿತಗಳಿಗೆ ಹಳೆಯ 194ಸಿ, 194ಜೆ, 194ಟಿ ಎಂಬ ಹೆಸರುಗಳನ್ನು ಬಳಸುವಂತಿಲ್ಲ. ಲೆಕ್ಕದ ಸಾಫ್ಟ್‌ವೇರ್ ಬದಲಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಸಂಭಾವನೆಯ ಮಿತಿಯೂ ಕರ ನಿರ್ಧಾರಣಾ ವರ್ಷ 2025-26ರಿಂದ ಏರಿದೆ. ಪುಸ್ತಕ ಲಾಭದ ಮೊದಲ ರೂ. 6,00,000ಕ್ಕೆ ರೂ. 3,00,000 ಅಥವಾ ಶೇ. 90, ಯಾವುದು ಹೆಚ್ಚೋ ಅದು. ಉಳಿದ ಲಾಭಕ್ಕೆ ಶೇ. 60. ಹಿಂದೆ ಮೊದಲ ಹಂತ ರೂ. 3,00,000ಕ್ಕೆ ನಿಂತಿತ್ತು. ಪುಸ್ತಕ ಲಾಭ ರೂ. 18,00,000 ಇರುವ ಸಂಸ್ಥೆಗೆ ಹಳೆಯ ಲೆಕ್ಕದಲ್ಲಿ ರೂ. 11,70,000, ಹೊಸ ಲೆಕ್ಕದಲ್ಲಿ ರೂ. 12,60,000 ಸಂಭಾವನೆ ಸಲ್ಲುತ್ತದೆ. ವ್ಯತ್ಯಾಸ ರೂ. 90,000, ಸಂಸ್ಥೆಯ ಮಟ್ಟದಲ್ಲಿ ಉಳಿಯುವ ತೆರಿಗೆ ರೂ. 28,080. ಆದರೆ ಪಾಲುದಾರಿಕೆ ಕರಾರು ಪತ್ರದಲ್ಲಿ ಹಳೆಯ ಅಂಕಿಗಳನ್ನೇ ಬರೆದಿದ್ದರೆ ಈ ಲಾಭ ದೊರೆಯದು. ಪೂರಕ ಕರಾರು ಬರೆಸಿದರೂ ಅದು ಬರೆದ ದಿನದಿಂದ ಮುಂದಕ್ಕೆ ಮಾತ್ರ ಅನ್ವಯ, ಹಿಂದಿನ ಅವಧಿಗೆ ಸಲ್ಲದು. ಹೊಸದಾಗಿ ಬರೆಸುವವರು 1961ರ ಅಧಿನಿಯಮದ ಕಲಂ 40(ಬಿ)ಯನ್ನು ಮಾತ್ರ ಉಲ್ಲೇಖಿಸದೆ, 2025ರ ಅಧಿನಿಯಮದ ಸಂವಾದಿ ಕಲಮನ್ನೂ ಸೇರಿಸಲಿ. ಎಷ್ಟೋ ಸಂಸ್ಥೆಗಳ ಮೂಲ ಕರಾರು ಪತ್ರ ಯಾವ ಕಪಾಟಿನಲ್ಲಿದೆ ಎಂಬುದೇ ಪಾಲುದಾರರಿಗೆ ತಿಳಿದಿರುವುದಿಲ್ಲ. ಭೇಟಿಗೆ ಮೊದಲು ಅದನ್ನು ಹುಡುಕಿ ಓದಿಕೊಳ್ಳುವುದು ಅರ್ಧ ದಿನದ ಕೆಲಸ.

ಜಿ.ಎಸ್.ಟಿ. ಲೆಕ್ಕಗಳ ತಾಳೆ

22-9-2025ರಿಂದ ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಸರಕುಗಳಲ್ಲಿ ಬಹುಪಾಲು ಶೇ. 5 ಮತ್ತು ಶೇ. 18ಕ್ಕೆ ಇಳಿದವು. ತುಪ್ಪ, ಬೆಣ್ಣೆ ಶೇ. 12ರಿಂದ 5ಕ್ಕೆ, ಸಿಮೆಂಟು ಶೇ. 28ರಿಂದ 18ಕ್ಕೆ ಬಂದವು. ವರ್ಷದ ಮಧ್ಯದಲ್ಲಿ ದರ ಬದಲಾದುದರಿಂದ ಮಾರಾಟದ ಲೆಕ್ಕವನ್ನು ಸೆಪ್ಟೆಂಬರ್ 21ರವರೆಗೆ ಮತ್ತು ಆನಂತರ ಎಂದು ಎರಡು ಭಾಗ ಮಾಡಿ ದರವಾರು ಪಟ್ಟಿ ತಯಾರಿಸಿಕೊಳ್ಳಬೇಕು. ಸಂಧಿಕಾಲದ ವ್ಯವಹಾರಗಳಿಗೆ ಸಿ.ಜಿ.ಎಸ್.ಟಿ. ಅಧಿನಿಯಮದ ಕಲಂ 14 ಅನ್ವಯಿಸುತ್ತದೆ. ಸರಕಿನ ಸರಬರಾಜು, ಬಿಲ್ಲು, ಹಣದ ಸ್ವೀಕಾರ ಎಂಬ ಮೂರರಲ್ಲಿ ಯಾವ ಎರಡು ಬದಲಾವಣೆಗೆ ಮೊದಲು ನಡೆದಿವೆಯೋ ಆಗ ಹಳೆಯ ದರ, ಎರಡು ನಂತರ ನಡೆದಿದ್ದರೆ ಹೊಸ ದರ ಎಂದು ನೆನಪಿಟ್ಟುಕೊಂಡರೆ ಕಲಮಿನ ಸಾರ ಕೈಗೆ ಸಿಕ್ಕಂತೆ. ಹಳೆಯ ದರದಲ್ಲಿ ಮಾರಿದ ಸರಕು ಆನಂತರ ವಾಪಸು ಬಂದರೆ ಕ್ರೆಡಿಟ್ ನೋಟು ಹಳೆಯ ದರದಲ್ಲೇ ಆಗಬೇಕು.

ದರ ಇಳಿದ ಮಾತ್ರಕ್ಕೆ ಹಳೆಯ ದಾಸ್ತಾನಿನ ಮೇಲೆ ಪಡೆದ ಇನ್‌ಪುಟ್ ಜಮೆಯನ್ನು ಹಿಂತಿರುಗಿಸಬೇಕಾಗಿಲ್ಲ. ಆದರೆ ನೋಟುಪುಸ್ತಕಗಳಂತೆ ಪೂರ್ಣ ವಿನಾಯಿತಿಗೆ ಹೋದ ಸರಕುಗಳ ದಾಸ್ತಾನಿನ ಮೇಲಿನ ಜಮೆಯನ್ನು ಹಿಂತಿರುಗಿಸಲೇಬೇಕು. ಲೇಖನ ಸಾಮಗ್ರಿಗಳ ವ್ಯಾಪಾರಿಗಳು 21-9-2025ರ ದಾಸ್ತಾನು ಪಟ್ಟಿಯನ್ನು ತಪ್ಪದೆ ಒಯ್ಯಲಿ.

ಗೋದಾಮು ಮತ್ತು ಅಂಗಡಿ ಬಾಡಿಗೆಯ ವಿಷಯದಲ್ಲಿ ಇಂದಿಗೂ ಅನೇಕರು ಅಲಕ್ಷ್ಯದಿಂದಿದ್ದಾರೆ. ನೋಂದಣಿಯಿಲ್ಲದ ಮಾಲೀಕರಿಂದ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದ ನೋಂದಾಯಿತ ವರ್ತಕರು 10-10-2024ರಿಂದ ತಾವೇ ಶೇ. 18ರ ತೆರಿಗೆಯನ್ನು ಹಿಮ್ಮುಖ ಹೊಣೆಯಾಗಿ ಕಟ್ಟಬೇಕು. ಕಾಂಪೋಸಿಷನ್ ಪದ್ಧತಿಯವರಿಗೆ 16-1-2025ರಿಂದ ಇದರಿಂದ ಬಿಡುಗಡೆ ದೊರೆತಿದೆ. ತಿಂಗಳಿಗೆ ರೂ. 40,000 ಬಾಡಿಗೆಯಿದ್ದರೆ ತೆರಿಗೆ ರೂ. 7,200, ವರ್ಷಕ್ಕೆ ರೂ. 86,400. ಇದನ್ನು ನಗದು ಖಾತೆಯಿಂದಲೇ ಕಟ್ಟಬೇಕು. ಕಟ್ಟಿದ ಮೇಲೆ ಜಮೆ ಪಡೆಯಬಹುದಾದ್ದರಿಂದ ಬಹುತೇಕರಿಗೆ ನಿಜವಾದ ಹೊರೆಯಿಲ್ಲ, ಆದರೆ ಕಟ್ಟದೆ ಬಿಟ್ಟುದಕ್ಕೆ ವರ್ಷಕ್ಕೆ ಶೇ. 18ರ ಬಡ್ಡಿಯ ಹೊರೆಯುಂಟು. ವಿನಾಯಿತಿಯ ಸರಕನ್ನೂ ತೆರಿಗೆಯ ಸರಕನ್ನೂ ಒಟ್ಟಿಗೆ ಮಾರುವ ಕಿರಾಣಿ ವರ್ತಕರಿಗೆ ಜಮೆ ಪೂರ್ತಿ ಸಿಗುವುದಿಲ್ಲ. ಅವರಿಗೆ ತೆರಿಗೆಯ ಒಂದು ಭಾಗ ಖರ್ಚೇ ಸರಿ. ಬಾಡಿಗೆ ಕರಾರು, ಮಾಲೀಕರ ಪಾನ್ ಮತ್ತು ನೋಂದಣಿಯ ಸ್ಥಿತಿ ಈ ಮೂರನ್ನು ಬರೆದಿಟ್ಟುಕೊಂಡು ಹೋಗಿರಿ. ಇದೇ ಬಾಡಿಗೆಗೆ ಆದಾಯ ತೆರಿಗೆಯ ಮೂಲ ಕಡಿತದ ಮಿತಿ 1-4-2025ರಿಂದ ತಿಂಗಳಿಗೆ ರೂ. 50,000 ಆಗಿದೆ ಎಂಬುದೂ ತಿಳಿದಿರಲಿ.

ಜಿಎಸ್‌ಟಿಆರ್-1, 3ಬಿ ಹಾಗೂ ಪುಸ್ತಕಗಳ ಮಾರಾಟ, ಮತ್ತು 2ಬಿ ಹಾಗೂ ಪುಸ್ತಕಗಳ ಖರೀದಿ ತಾಳೆಯಾಗಬೇಕೆಂಬುದು ಹೊಸ ಮಾತಲ್ಲ. 2025-26ರ ಬಿಟ್ಟುಹೋದ ಜಮೆಯನ್ನು ಪಡೆಯಲು ಕೊನೆಯ ದಿನ 30-11-2026, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನ.

ಯಾವ ತೆರಿಗೆ ಪದ್ಧತಿ

ಏಕಮಾಲೀಕತ್ವದ ವ್ಯಾಪಾರಿಗಳಿಗೆ ಹಾಗೂ ಪಾಲುದಾರರ ವೈಯಕ್ತಿಕ ಆದಾಯಕ್ಕೆ ಹೊಸ ಪದ್ಧತಿಯೇ ಈಗ ಸಹಜ ಪದ್ಧತಿ. 2025-26ರಲ್ಲಿ ರೂ. 12,00,000ದವರೆಗಿನ ಆದಾಯಕ್ಕೆ ರೂ. 60,000ದ ರಿಯಾಯಿತಿಯಿಂದಾಗಿ ತೆರಿಗೆ ಬರುವುದಿಲ್ಲ. ಪತ್ರಿಕೆಗಳಲ್ಲಿ ಬರುವ ರೂ. 12,75,000ದ ಅಂಕಿ ಸಂಬಳದಾರರಿಗೆ ಮಾತ್ರ ಅನ್ವಯ. ಸಂಸ್ಥೆಯಿಂದ ಪಾಲುದಾರರು ಪಡೆಯುವ ಸಂಭಾವನೆ ವ್ಯಾಪಾರದ ಆದಾಯವೇ ಹೊರತು ಸಂಬಳವಲ್ಲ. ಜಮೀನು, ಷೇರು ಮಾರಿದ ಬಂಡವಾಳ ಲಾಭಕ್ಕೆ ವಿಶೇಷ ದರದಲ್ಲಿ ಬೀಳುವ ತೆರಿಗೆಗೆ ಈ ರಿಯಾಯಿತಿ ಇಲ್ಲ. ಹಳೆಯ ಪದ್ಧತಿ ಬೇಕೆನ್ನುವ ವ್ಯಾಪಾರಿಗಳು ರಿಟರ್ನಿನ ಗಡುವಿನೊಳಗೆ ಫಾರಂ 10-ಐಇಎ ಸಲ್ಲಿಸಬೇಕು. ಒಮ್ಮೆ ಹಳೆಯದಕ್ಕೆ ಹೋಗಿ ಮರಳಿ ಹೊಸದಕ್ಕೆ ಬಂದರೆ, ವ್ಯಾಪಾರದ ಆದಾಯ ಇರುವ ತನಕ ಪುನಃ ಹಳೆಯದಕ್ಕೆ ಹೋಗಲು ಅವಕಾಶವಿಲ್ಲ. ಗೃಹಸಾಲ, ವಿಮೆ, ಮಕ್ಕಳ ಶುಲ್ಕದ ರಸೀತಿಗಳನ್ನು ಒಯ್ದು ಎರಡೂ ಲೆಕ್ಕ ಹಾಕಿಸಿ ನೋಡಿಯೇ ನಿರ್ಧರಿಸಿ.

ಅಂದಾಜು ಆದಾಯದ ಕಲಂ 44ಎಡಿ ಕಮಿಷನ್ ಮತ್ತು ದಲಾಲಿ ವ್ಯವಹಾರಕ್ಕೆ ಅನ್ವಯಿಸುವುದಿಲ್ಲ. ಎ.ಪಿ.ಎಂ.ಸಿ. ಪ್ರಾಂಗಣದ ಅಡತಿ ಅಂಗಡಿಗಳವರು ಸ್ವಂತ ಖರೀದಿಯ ವ್ಯಾಪಾರವನ್ನೂ ಅಡತಿಯನ್ನೂ ಬೇರೆ ಬೇರೆ ತೋರಿಸುವಂತೆ ಪುಸ್ತಕಗಳನ್ನು ಇಡಬೇಕು. ವಹಿವಾಟು ರೂ. 1 ಕೋಟಿ ಮೀರಿದರೂ ನಗದು ಸ್ವೀಕಾರ ಮತ್ತು ನಗದು ಪಾವತಿ ಎರಡೂ ಶೇ. 5ರೊಳಗಿದ್ದರೆ ರೂ. 10 ಕೋಟಿಯವರೆಗೆ ತೆರಿಗೆ ಲೆಕ್ಕಪರಿಶೋಧನೆ ಬೇಡ. ಖಾತೆಗೆ ಮಾತ್ರ ಎಂದು ಗೆರೆ ಎಳೆಯದ ಚೆಕ್ಕನ್ನು ಈ ಲೆಕ್ಕಕ್ಕೆ ನಗದೆಂದೇ ಭಾವಿಸಲಾಗುತ್ತದೆ. ಪರಿಶೋಧನೆಗೆ ಒಳಪಡುವವರ 2025-26ರ ವರದಿಗೆ ಕಾಯಿದೆ ಇಟ್ಟ ಗಡುವು 30-9-2026.

ಉಳಿದ ಕಾಗದಪತ್ರಗಳು

ಇಲಾಖೆಯ ಜಾಲತಾಣದಲ್ಲಿ ತಮ್ಮ ಪಾನ್ ಹೆಸರಿನಲ್ಲಿರುವ ಎ.ಐ.ಎಸ್. ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆಗೆಸಿ, ಲೆಕ್ಕಪರಿಶೋಧಕರಿಗಿಂತ ಮೊದಲು ತಾವು ಓದಬೇಕು. ಜಿ.ಎಸ್.ಟಿ. ವಹಿವಾಟು, ಠೇವಣಿಯ ಬಡ್ಡಿ, ವರ್ಷದಲ್ಲಿ ರೂ. 10 ಲಕ್ಷ ಮುಟ್ಟಿದ ಉಳಿತಾಯ ಖಾತೆಯ ನಗದು ಜಮೆ, ರೂ. 50 ಲಕ್ಷ ಮುಟ್ಟಿದ ಚಾಲ್ತಿ ಖಾತೆಯ ನಗದು ಜಮೆ, ರೂ. 30 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ವ್ಯವಹಾರ ಇವೆಲ್ಲ ಅಲ್ಲಿ ಬಂದಿರುತ್ತವೆ. ಪ್ರತಿಯೊಂದು ಸಾಲಿನ ಮುಂದೆ 'ಪುಸ್ತಕದಲ್ಲಿದೆ', 'ಇಲ್ಲ', 'ನನ್ನದಲ್ಲ' ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೋದರೆ ಅರ್ಧ ಚರ್ಚೆ ಮುಗಿದಂತೆ. ಪತ್ನಿಯ ಅಥವಾ ಮಕ್ಕಳ ಜಂಟಿ ಹೆಸರಿನ ಖಾತೆಗಳನ್ನು ಹೇಳಲು ಸಂಕೋಚಪಡುವವರುಂಟು. ಇಲಾಖೆಗೆ ತಿಳಿದಿರುವುದನ್ನು ತಮ್ಮ ಲೆಕ್ಕಪರಿಶೋಧಕರಿಂದ ಮರೆಮಾಚಿ ಪ್ರಯೋಜನವೇನು?

ಹೊಸ ಯಂತ್ರ ಕೊಂಡವರು ಬಿಲ್ಲಿನ ಜೊತೆಗೆ ಅದು ಬಳಕೆಗೆ ಬಂದ ದಿನದ ಆಧಾರವನ್ನೂ ಒಯ್ಯಬೇಕು. ವಿದ್ಯುತ್ ಸಂಪರ್ಕದ ಮಂಜೂರಾತಿ, ಅಳವಡಿಕೆಯ ವರದಿ, ಮೊದಲ ಉತ್ಪಾದನೆಯ ದಾಖಲೆ ಇವು ಸಾಕು. 2025-26ರಲ್ಲಿ ಅಕ್ಟೋಬರ್ 3ರೊಳಗೆ ಬಳಕೆಗೆ ಬಂದಿದ್ದರೆ 180 ದಿನ ತುಂಬಿ ಪೂರ್ಣ ಸವಕಳಿ ಸಿಗುತ್ತದೆ, ಒಂದು ದಿನ ತಡವಾದರೂ ಅರ್ಧ ಮಾತ್ರ. ರೂ. 20 ಲಕ್ಷದ ಸಾಮಾನ್ಯ ಯಂತ್ರಕ್ಕೆ ಶೇ. 15ರಂತೆ ಇದು ರೂ. 3,00,000 ಮತ್ತು ರೂ. 1,50,000ದ ವ್ಯತ್ಯಾಸ.

ದಾಸ್ತಾನು ಪಟ್ಟಿ ಮಾರ್ಚ್ 31ರ ಎಣಿಕೆಯದಾಗಿರಬೇಕು ಮತ್ತು ಬ್ಯಾಂಕಿಗೆ ಕೊಟ್ಟ ದಾಸ್ತಾನು ವಿವರದೊಂದಿಗೆ ಹೊಂದಬೇಕು. ಬ್ಯಾಂಕಿಗೆ ಹೆಚ್ಚು, ಇಲಾಖೆಗೆ ಕಡಿಮೆ ತೋರಿಸುವ ಹಳೆಯ ಚಾಳಿಯ ವಿಷಯದಲ್ಲಿ ಹೆಚ್ಚು ಬರೆಯುವ ಅಗತ್ಯವಿಲ್ಲ. ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದಾಗಿ ಕೊಟ್ಟ ಖರ್ಚುಗಳ ಪಟ್ಟಿ, ರೂ. 20,000 ಅಥವಾ ಮೇಲ್ಪಟ್ಟು ನಗದಾಗಿ ಪಡೆದ ಕೈಸಾಲಗಳ ವಿವರ, ಒಂದೇ ವ್ಯವಹಾರಕ್ಕೆ ರೂ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದ ಸಂದರ್ಭ ಇವುಗಳನ್ನು ತಾವಾಗಿಯೇ ಮುಂದಿಡಬೇಕು. ಕೊನೆಯದನ್ನು ಎರಡು ಮೂರು ದಿನಗಳಿಗೆ ಹಂಚಿ ಪಡೆದರೂ ಅದು ಒಂದೇ ವ್ಯವಹಾರವೆಂದೇ ಎಣಿಕೆ. ಹಿಂದಿನ ವರ್ಷಗಳ ರಿಟರ್ನಿನಲ್ಲಿ ಬಿಟ್ಟುಹೋದ ಆದಾಯ ನೆನಪಿಗೆ ಬಂದರೆ ಅದನ್ನೂ ಹೇಳಿರಿ. ಪರಿಷ್ಕೃತ ರೂಪದ 'ಅಪ್‌ಡೇಟೆಡ್ ರಿಟರ್ನ್' ಸಲ್ಲಿಸುವ ಅವಧಿಯನ್ನು 2025ರಲ್ಲಿ 48 ತಿಂಗಳಿಗೆ ವಿಸ್ತರಿಸಲಾಗಿದೆ. ತಡವಾದಷ್ಟೂ ಹೆಚ್ಚುವರಿ ತೆರಿಗೆ ಶೇ. 25, 50, 60, 70 ಎಂದು ಏರುತ್ತ ಹೋಗುತ್ತದೆ.

ಹೊರಡುವ ಮುನ್ನ ತೆರಿಗೆ ವರ್ಷ 2026-27ರ ಮುಂಗಡ ತೆರಿಗೆಯ ಅಂದಾಜನ್ನು ಬರೆಸಿಕೊಳ್ಳುವುದನ್ನು ಮರೆಯಬಾರದು. ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ಣ. ಅಂದಾಜು ಆದಾಯ ಪದ್ಧತಿಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಪಾಲುದಾರರ ಸಂಭಾವನೆಯಲ್ಲಿ ಮೂಲದಲ್ಲೇ ಶೇ. 10 ಕಡಿತವಾಗುತ್ತಿರುವುದರಿಂದ ಅವರ ವೈಯಕ್ತಿಕ ಮುಂಗಡ ತೆರಿಗೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆ ಲೆಕ್ಕವನ್ನು ಸಂಸ್ಥೆಯ ಲೆಕ್ಕದೊಂದಿಗೆ ಒಂದೇ ದಿನ ಮಾಡಿಸಿಕೊಂಡರೆ ಎರಡನೆಯ ಬಾರಿ ಹೋಗುವ ಪ್ರಮೇಯ ಬರುವುದಿಲ್ಲ.